ಮೊದಲು ಕಾಡು, ಆಮೇಲೆ ಕಡಲು: ಮನೆಮಂದಿ ಜತೆ ತ್ಸಾವೊ ಮತ್ತು ಡಯಾನಿ

ಮಕ್ಕಳನ್ನೂ ವಯಸ್ಸಾದವರನ್ನೂ ಕರೆದುಕೊಂಡು ಕೀನ್ಯಾಗೆ ಹೊರಟಿದ್ದೀರಾ? ಸಫಾರಿನೂ ಬೇಕು, ಸಮುದ್ರನೂ ಬೇಕಾ? ಹಾಗಾದರೆ ತ್ಸಾವೊ ಈಸ್ಟ್ ನ್ಯಾಷನಲ್ ಪಾರ್ಕ್ ಮತ್ತು ಮೊಂಬಾಸಾದ ದಕ್ಷಿಣಕ್ಕಿರುವ ಡಯಾನಿ ಬೀಚ್, ಇವೆರಡನ್ನೇ ಆರಿಸಿಕೊಳ್ಳಿ. ಮೊದಲು ತ್ಸಾವೊ, ಆಮೇಲೆ ಡಯಾನಿ. ನಡುವೆ ಇನ್ನೊಂದು ಪಾರ್ಕ್ ತುರುಕಬೇಡಿ. ಹೋಗಿ ಬಂದ ಮೇಲೆ ಯಾರು ಕೇಳಿದರೂ ನಾನು ಹೇಳುತ್ತಿರುವುದು ಇಷ್ಟೇ. ಯಾಕೆ ಅಂತ ಇಲ್ಲಿ ಬಿಡಿಸಿ ಬರೆಯುತ್ತೇನೆ.

ನಾವು ಹೋಗಿದ್ದು ಅಕ್ಟೋಬರಿನಲ್ಲಿ. ನಾನು, ನನ್ನ ಗಂಡ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ, ಜತೆಗೆ ನನ್ನ ಅಮ್ಮ. ಅಮ್ಮನಿಗೆ ಮಂಡಿ ನೋವು. ಮೊಟ್ಟೆ ಕೂಡ ಮುಟ್ಟುವುದಿಲ್ಲ. ಮಗನಿಗೆ ಗಾಡಿಯಲ್ಲಿ ತುಂಬ ಹೊತ್ತು ಕೂರುವುದು ಅಂದರೆ ಕಷ್ಟ. ಇಂಥವರೆಲ್ಲ ಒಟ್ಟಿಗೆ ಇರುವ ಮನೆಗೆ ಯಾವುದು ಹೊಂದುತ್ತದೆ ಅನ್ನುವ ಲೆಕ್ಕದಲ್ಲೇ ಇದನ್ನು ಓದಿ. ಗಂಡ ಹೆಂಡತಿ ಇಬ್ಬರೇ ಹೋಗುವವರ ಲೆಕ್ಕ ಬೇರೆ ಇರಬಹುದು.

ಟ್ರಾವೆಲ್ ಏಜೆನ್ಸಿಗಳು ಮೊದಲು ಕೈಗಿಡುವುದು ಮಸಾಯಿ ಮಾರಾ ಪ್ಯಾಕೇಜನ್ನು. ಮಾರಾ, ನಕುರು, ಅಂಬೊಸೆಲಿ ಪಾರ್ಕುಗಳು, ಕೊನೆಗೆ ವಿಮಾನದಲ್ಲಿ ಕರಾವಳಿ. ಮಾರಾ ಬಗ್ಗೆ ನನಗೆ ತಕರಾರಿಲ್ಲ. ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುವುದನ್ನು ನೋಡಲೇಬೇಕು, ಸಿಂಹ ಚಿರತೆ ಸಿಗಲೇಬೇಕು ಅನ್ನುವವರು ಅಲ್ಲಿಗೇ ಹೋಗಬೇಕು. ಆದರೆ ಖರ್ಚು ನೋಡಿ. ಹೊರದೇಶದವರಿಗೆ ಅಲ್ಲಿನ ಪ್ರವೇಶ ಶುಲ್ಕ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್. ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಅದೂ ದೊಡ್ಡವರು ಒಬ್ಬೊಬ್ಬರಿಗೆ. ಅದಕ್ಕಿಂತ ಮುಖ್ಯ, ಈ ಪ್ಯಾಕೇಜುಗಳಲ್ಲಿ ದಿನಾ ಸಂಜೆ ಹೊಸ ಹಾಸಿಗೆ, ದಿನಾ ಬೆಳಗ್ಗೆ ಸೂಟ್‌ಕೇಸ್ ತುಂಬುವ ಕೆಲಸ. ಮಕ್ಕಳು ಪ್ರಾಣಿಗಿಂತ ಜಾಸ್ತಿ ರಸ್ತೆಯನ್ನೇ ನೋಡುತ್ತಾರೆ.

ತ್ಸಾವೊ ಹಾಗಲ್ಲ. ಅದು ನೈರೋಬಿಯಿಂದ ಮೊಂಬಾಸಾಗೆ ಹೋಗುವ ದಾರಿಯಲ್ಲೇ ಇದೆ. 1948ರಲ್ಲಿ ಆದ ಪಾರ್ಕ್ ಇದು. ಆ ಹೆದ್ದಾರಿ ಮತ್ತು ರೈಲು ಹಳಿಯೇ ಅದನ್ನು ಈಸ್ಟ್ ಮತ್ತು ವೆಸ್ಟ್ ಅಂತ ಎರಡು ಭಾಗ ಮಾಡಿವೆ. ಎರಡೂ ಸೇರಿದರೆ 20,000 ಚದರ ಕಿಲೋಮೀಟರಿಗಿಂತ ದೊಡ್ಡದು. ಸಮುದ್ರಕ್ಕೆ ಹೋಗುವ ದಾರಿಯಲ್ಲೇ ಕಾಡು ಸಿಗುವಾಗ ಸುಮ್ನೆ ಯಾಕೆ ದೇಶ ಸುತ್ತಬೇಕು, ಅಲ್ವಾ?

ನೈರೋಬಿಯಲ್ಲಿ ನಾವು ನೋಡಿದ್ದು ಒಂದೇ, ಶೆಲ್ಡ್ರಿಕ್ ವೈಲ್ಡ್‌ಲೈಫ್ ಟ್ರಸ್ಟ್ ನಡೆಸುವ ಆನೆಮರಿಗಳ ನರ್ಸರಿ. ತಾಯಿ ಕಳೆದುಕೊಂಡ ಮರಿಗಳನ್ನು ಇಲ್ಲಿ ಸಾಕುತ್ತಾರೆ. ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಜನರನ್ನು ಬಿಡುತ್ತಾರೆ, ಮುಂಚೆಯೇ ಬುಕ್ ಮಾಡಬೇಕು. ಮಕ್ಕಳಿದ್ದರೆ ಇದನ್ನು ಬಿಡಬೇಡಿ. ಯಾಕೆಂದರೆ ಇಲ್ಲಿ ಬಾಟಲಿ ಹಾಲು ಕುಡಿಯುವ ಮರಿಗಳೇ ಸ್ವಲ್ಪ ದೊಡ್ಡವಾದ ಮೇಲೆ ತ್ಸಾವೊ ಈಸ್ಟ್‌ನ ವೊಯಿ, ಇತುಂಬಾ ಕೇಂದ್ರಗಳಿಗೆ ಹೋಗುತ್ತವೆ. ಅಲ್ಲಿಂದ ನಿಧಾನಕ್ಕೆ ಕಾಡಾನೆಗಳ ಜತೆ ಸೇರಿಕೊಳ್ಳುತ್ತವೆ. ಇದನ್ನು ಕೇಳಿದ ಮಗಳು ಮುಂದೆ ತ್ಸಾವೊದಲ್ಲಿ ಪ್ರತಿ ಹಿಂಡಿನಲ್ಲೂ ನರ್ಸರಿಯಲ್ಲಿ ಬೆಳೆದ ಆನೆ ಇರಬಹುದಾ ಅಂತ ಹುಡುಕುತ್ತಲೇ ಇದ್ದಳು.

ನೈರೋಬಿಯಿಂದ ತ್ಸಾವೊ ಈಸ್ಟ್ ಪಕ್ಕದ ಊರು ವೊಯಿಗೆ ರೈಲು. 2017ರಲ್ಲಿ ಶುರುವಾದ ಮಡರಾಕಾ ಎಕ್ಸ್‌ಪ್ರೆಸ್. ಬೆಳಗಿನ ಇಂಟರ್‌ಕೌಂಟಿ ರೈಲನ್ನೇ ಹತ್ತಬೇಕು, ವೊಯಿಯಲ್ಲಿ ನಿಲ್ಲುವುದು ಅದು. 2024ರಿಂದ ಮೊಂಬಾಸಾವರೆಗಿನ ಟಿಕೆಟ್ ಎಕಾನಮಿಗೆ 1,500 ಶಿಲ್ಲಿಂಗ್, ಫಸ್ಟ್ ಕ್ಲಾಸಿಗೆ 4,500. ನಾವು ಎಕಾನಮಿ ತಗೊಂಡೆವು. ಎದುರುಬದುರು ಸೀಟು, ನಡುವೆ ಚಿಕ್ಕ ಮೇಜು. ಮಕ್ಕಳಿಗೆ ಚೆನ್ನಾಗಿತ್ತು. ಮೊಣಕಾಲು ಚಾಚಲು ಜಾಗ ಸಾಲದೆ ಅಮ್ಮನಿಗೆ ಕಷ್ಟವಾಯಿತು. ವಯಸ್ಸಾದವರಿಗೆ ಫಸ್ಟ್ ಕ್ಲಾಸ್ ತಗೊಳ್ಳಿ, ಆ ದುಡ್ಡು ದಂಡವಲ್ಲ. ಸ್ಟೇಷನ್‌ಗೆ ಒಂದು ಗಂಟೆ ಮುಂಚೆ ಹೋಗಲೇಬೇಕು. ಎಲ್ಲರ ಬ್ಯಾಗುಗಳನ್ನು ನೆಲದ ಮೇಲೆ ಸಾಲಾಗಿ ಇಡಿಸಿ, ನಾವು ದೂರ ನಿಂತ ಮೇಲೆ ನಾಯಿ ಬಂದು ಒಂದೊಂದನ್ನೇ ಮೂಸುತ್ತದೆ. ಮಗನಿಗೆ ಅದೇ ಮೊದಲ ಸಫಾರಿ ಆಯಿತು.

ಮ್ತಿಟೊ ಆಂಡೈ ಸ್ಟೇಷನ್ ದಾಟಿದ ಮೇಲೆ ಫೋನ್ ಒಳಗಿಟ್ಟು ಕಿಟಕಿ ಕಡೆ ತಿರುಗಿ. ಹಳಿಯ ಎರಡೂ ಕಡೆ ತ್ಸಾವೊ. ಹಳಿಯನ್ನು ಎತ್ತರದ ಏರಿ ಮೇಲೆ ಕಟ್ಟಿ, ಪ್ರಾಣಿಗಳು ದಾಟಲು ಕೆಳಗೆ ದಾರಿ ಬಿಟ್ಟಿದ್ದಾರೆ. ರೈಲಿನಿಂದಲೇ ನಮಗೆ ಆನೆ ಕಂಡವು. ಬೋಗಿಯಲ್ಲಿದ್ದ ಅಲ್ಲಿನ ಜನ ಕೂಡ ಎದ್ದು ನಿಂತು ನಮ್ಮ ಮಕ್ಕಳಿಗೆ ಕಿಟಕಿ ಜಾಗ ಬಿಟ್ಟುಕೊಟ್ಟರು.

ಇದೇ ದಾರಿಯ ಹಳೆ ರೈಲಿನ ಕಥೆ ನಮಗೆ ಹತ್ತಿರದ್ದು. 1896ರಲ್ಲಿ ಬ್ರಿಟಿಷರು ಮೊಂಬಾಸಾದಿಂದ ಹಳಿ ಹಾಕಲು ಶುರು ಮಾಡಿದಾಗ ಕೂಲಿಗೆ ಕರೆತಂದಿದ್ದು ನಮ್ಮ ದೇಶದವರನ್ನು. ಹೆಚ್ಚಿನವರು ಪಂಜಾಬಿನವರು. 1898ರಲ್ಲಿ ತ್ಸಾವೊ ನದಿಗೆ ಸೇತುವೆ ಕಟ್ಟುವಾಗ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ರಾತ್ರಿ ಡೇರೆಗಳಿಗೆ ನುಗ್ಗಿ ಆ ಕೂಲಿಗಳನ್ನು ಎಳೆದೊಯ್ದವು. ಜನ ಕೆಲಸ ಬಿಟ್ಟು ಓಡಿಹೋದರು. ಆ ವರ್ಷದ ಡಿಸೆಂಬರಿನಲ್ಲಿ ಪ್ಯಾಟರ್‌ಸನ್ ಎಂಬ ಅಧಿಕಾರಿ ಎರಡನ್ನೂ ಕೊಂದ. ಆ ಸಿಂಹಗಳು ಈಗ ಷಿಕಾಗೋದ ಫೀಲ್ಡ್ ಮ್ಯೂಸಿಯಂನಲ್ಲಿವೆ. ಎರಡಕ್ಕೂ ಕೇಸರ ಇರಲಿಲ್ಲ. ಇವತ್ತಿಗೂ ತ್ಸಾವೊದ ಎಷ್ಟೋ ಗಂಡು ಸಿಂಹಗಳಿಗೆ ಕೇಸರ ಇರುವುದಿಲ್ಲ, ಇದ್ದರೂ ಕಮ್ಮಿ. ನದಿ ದಾಟುವಾಗ ನಾನು ಇದನ್ನು ಹೇಳಿದೆ. ಅಮ್ಮ ಸುಮ್ಮನೆ ಕೈ ಮುಗಿದರು. ಸಿಂಹದ ಹೆಸರು ಎಲ್ಲರಿಗೂ ಗೊತ್ತು, ಸತ್ತವರ ಹೆಸರು ಯಾರಿಗೂ ಗೊತ್ತಿಲ್ಲ ಅನ್ನುವುದು ನನಗೆ ಇವತ್ತಿಗೂ ಸಂಕಟದ ಮಾತು.

ವೊಯಿ ಸ್ಟೇಷನ್ನಿನಲ್ಲಿ ನಮ್ಮ ಡ್ರೈವರ್-ಗೈಡ್ ಕಾಯುತ್ತಿದ್ದರು. ಮೇಲ್ಛಾವಣಿ ಎತ್ತಿ ನಿಲ್ಲಿಸುವ ವ್ಯಾನು. ಲ್ಯಾಂಡ್ ಕ್ರೂಸರ್ ತಗೊಂಡರೆ ದುಡ್ಡು ಜಾಸ್ತಿ. ಒಣ ಕಾಲದಲ್ಲಿ ತ್ಸಾವೊ ಈಸ್ಟ್‌ಗೆ ವ್ಯಾನು ಸಾಕು, ಮಳೆಗಾಲಕ್ಕೆ ಸಾಲದು. ವ್ಯಾನಿನಲ್ಲಿ ಒಂದು ಅನುಕೂಲ ಏನೆಂದರೆ ಅದು ಕಮ್ಮಿ ಎತ್ತರ. ಅಮ್ಮ ಯಾರ ಕೈಯನ್ನೂ ಹಿಡಿಯದೆ ಹತ್ತಿ ಇಳಿದರು.

ಇಲ್ಲೇ ನನ್ನ ದೊಡ್ಡ ದೂರು. ನಾವು ಬುಕ್ ಮಾಡಿದ ಏಜೆನ್ಸಿಯವರು ಪಾರ್ಕ್ ಶುಲ್ಕ ಎಲ್ಲ ಸೇರಿದೆ ಅಂತ ಬರೆದು ಕೊಟ್ಟಿದ್ದರು. ಗೇಟಿಗೆ ಹೋದರೆ ಕಟ್ಟೇ ಇಲ್ಲ. ಕೀನ್ಯಾದ ನ್ಯಾಷನಲ್ ಪಾರ್ಕುಗಳ ಗೇಟಿನಲ್ಲಿ ನಗದು ತಗೊಳ್ಳುವುದಿಲ್ಲ, ಇ-ಸಿಟಿಜನ್ ಎಂಬ ಸರ್ಕಾರಿ ಪೋರ್ಟಲ್‌ನಲ್ಲೇ ಕಟ್ಟಬೇಕು. ಬಿಸಿಲಲ್ಲಿ ನಿಂತು, ನೆಟ್‌ವರ್ಕ್ ಹುಡುಕಿ, ನಮ್ಮ ಕಾರ್ಡಿನಲ್ಲೇ ಕಟ್ಟಿ ಒಳಗೆ ಹೋಗುವಷ್ಟರಲ್ಲಿ ಸಂಜೆಯ ಒಳ್ಳೆ ಹೊತ್ತು ಹೋಗಿತ್ತು. ಆಮೇಲೆ ಏಜೆನ್ಸಿಯವರು ದುಡ್ಡು ವಾಪಸ್ ಕೊಟ್ಟರು, ಕ್ಷಮೆ ಕೇಳಿದರು. ಹೋದ ಹೊತ್ತನ್ನು ಯಾರು ವಾಪಸ್ ಕೊಡುತ್ತಾರೆ? ಹೊರಡುವ ಮೊದಲೇ ಕಟ್ಟಿದ ರಸೀದಿಯನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಿ. ಬಾಯಿಮಾತು ನಂಬಬೇಡಿ.

ಗೈಡ್ ಬಗ್ಗೆ ಮಾತ್ರ ಎಷ್ಟು ಹೊಗಳಿದರೂ ಕಮ್ಮಿ. ವೊಯಿ ಪಕ್ಕದ ಊರಿನವರೇ. ಮಕ್ಕಳ ಜತೆ ಹೇಗಿರಬೇಕು ಅಂತ ಗೊತ್ತಿತ್ತು. ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತೂವರೆಗೆ ವಾಪಸ್. ಮತ್ತೆ ಸಂಜೆ ನಾಲ್ಕಕ್ಕೆ ಹೊರಟರೆ ಆರರೊಳಗೆ ಲಾಡ್ಜ್. ನಡು ಮಧ್ಯಾಹ್ನ ಎಷ್ಟೇ ಕೇಳಿದರೂ ಕರೆದೊಯ್ಯಲಿಲ್ಲ. 'ಆ ಬಿಸಿಲಿಗೆ ಪ್ರಾಣಿಗಳೇ ನೆರಳು ಬಿಟ್ಟು ಬರೋದಿಲ್ಲ, ಮಕ್ಕಳು ಯಾಕೆ ಬರಬೇಕು' ಅಂದರು. ನನ್ನ ಗಂಡನಿಗೆ ಸಿಂಹದ ಆಸೆ, ಅವರನ್ನು ಒಪ್ಪಿಸಲು ತುಂಬ ನೋಡಿದರು. ಆಗಲಿಲ್ಲ. ಅದೇ ಒಳ್ಳೆಯದಾಯಿತು.

ಕೆಂಪಾನೆಗಳ ವಿಷಯಕ್ಕೆ ಬರುತ್ತೇನೆ, ತ್ಸಾವೊ ಅಂದರೆ ಅದೇ ತಾನೇ. ಅಲ್ಲಿನ ಮಣ್ಣು ಕಬ್ಬಿಣದ ಅಂಶ ಇರುವ ಕೆಂಪು ಮಣ್ಣು. ಆನೆ ಆ ಮಣ್ಣನ್ನೇ ಮೈಮೇಲೆ ಎರಚಿಕೊಳ್ಳುತ್ತದೆ, ಕೆಸರಲ್ಲಿ ಹೊರಳುತ್ತದೆ. ಹಾಗಾಗಿ ಹೊಸ ಹಂಚಿನ ಬಣ್ಣಕ್ಕೆ ತಿರುಗಿರುತ್ತದೆ. ಅರುಬಾ ಡ್ಯಾಮಿನ ಹತ್ತಿರ ಒಂದು ಹಿಂಡು ದಾರಿ ಪಕ್ಕದ ಗುಂಡಿಗೆ ಬಂತು. ಗೈಡ್ ಎಂಜಿನ್ ಆಫ್ ಮಾಡಿದರು. ಮುಂದೆ ನಡೆಯುತ್ತಿದ್ದ ದೊಡ್ಡ ಹೆಣ್ಣಾನೆ ಮೊದಲು ಸೊಂಡಿಲಿನ ತುದಿಯಿಂದ ನೀರನ್ನು ಮುಟ್ಟಿ ನೋಡಿತು. ಆಮೇಲೆ ಕೆಸರು ಬಾಚಿ ಹೊಟ್ಟೆಯ ಕೆಳಗೆ ಎಸೆಯಿತು. ಹಸಿ ಮಣ್ಣು ಒಣ ಚರ್ಮಕ್ಕೆ ಬಡಿಯುವ ಸದ್ದು ನಮಗೆ ಸ್ಪಷ್ಟವಾಗಿ ಕೇಳಿತು. ಮೇಲಿನಿಂದ ಇಳಿದ ನೀರು ಕಾಲಿನ ಮೇಲೆ ಕಪ್ಪು ಗೆರೆ ಎಳೆದಾಗ ಒಳಗಿನ ನಿಜವಾದ ಬಣ್ಣ ಕಂಡಿತು. ಒಂದು ಮರಿ ಏರಿಯಲ್ಲಿ ಜಾರಿ ಕೂತುಬಿಟ್ಟಿತು. ಅದರ ಅಕ್ಕನೋ ಚಿಕ್ಕಮ್ಮನೋ, ಹಿಂದಿನಿಂದ ಹಣೆ ಕೊಟ್ಟು ಮೇಲಕ್ಕೆ ತಳ್ಳಿತು. ಮಗ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದ. ಅಷ್ಟೊಂದು ಹೊತ್ತು ಅವನು ಮಾತಾಡದೆ ಇದ್ದುದನ್ನು ನಾನು ಎಂದೂ ನೋಡಿಲ್ಲ. ಆಮೇಲೆ ಒಂದು ಆನೆ ನಮ್ಮ ಕಡೆ ತಿರುಗಿ ಕಿವಿ ಅಗಲಿಸಿತು. ಗೈಡ್ ಅವಸರ ಮಾಡದೆ, ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ತಗೊಂಡರು.

ದೊಡ್ಡ ಪ್ರಾಣಿ ಮಾತ್ರ ಹುಡುಕಬೇಡಿ. ತ್ಸಾವೊದ ಒಣ ಪೊದೆಗಳಲ್ಲಿ ಗೆರೆನುಕ್ ಎಂಬ ಉದ್ದ ಕತ್ತಿನ ಜಿಂಕೆ ಇದೆ. ಹಿಂಗಾಲ ಮೇಲೆ ನೆಟ್ಟಗೆ ನಿಂತು ಎತ್ತರದ ಎಲೆ ತಿನ್ನುತ್ತದೆ. ಡಿಕ್-ಡಿಕ್ ಅಂತ ಮೊಲಕ್ಕಿಂತ ಸ್ವಲ್ಪ ದೊಡ್ಡ ಜಿಂಕೆ, ಯಾವಾಗಲೂ ಜೋಡಿಯಾಗೇ ಇರುತ್ತದೆ. ಒಂದು ಕಂಡರೆ ಇನ್ನೊಂದನ್ನು ಹುಡುಕುವ ಆಟ ಮಕ್ಕಳಿಗೆ ಕೊನೆವರೆಗೂ ಸಾಕಾಗಲಿಲ್ಲ. ಸಿಂಹ ನಮಗೆ ಸಿಕ್ಕಿದ್ದು ದೂರದಲ್ಲಿ, ಪೊದೆ ನೆರಳಲ್ಲಿ ಮಲಗಿತ್ತು. ಮಾರಾದ ಹಾಗೆ ಹತ್ತಿರದಿಂದ ಸಿಗುತ್ತದೆ ಅಂದುಕೊಂಡು ಹೋದರೆ ಬೇಜಾರಾಗುತ್ತದೆ. ಇಲ್ಲಿ ಜಾಗ ದೊಡ್ಡದು, ಪೊದೆ ಜಾಸ್ತಿ. ಅದೇ ಕಾರಣಕ್ಕೆ ಗಾಡಿಗಳ ಜಾತ್ರೆಯೂ ಇಲ್ಲ. ಎಷ್ಟೋ ಹೊತ್ತು ನಮ್ಮದೊಂದೇ ವ್ಯಾನು ಇರುತ್ತಿತ್ತು.

ಲಾಡ್ಜ್ ಆರಿಸುವಾಗ ಒಂದೇ ಒಂದು ವಿಷಯ ನೋಡಿ: ಎದುರಿಗೆ ನೀರಿನ ಗುಂಡಿ ಇದೆಯಾ? ನಮ್ಮದು ಗುಡ್ಡದ ಮೇಲಿತ್ತು, ಕೆಳಗೆ ಪ್ರಾಣಿಗಳು ನೀರಿಗೆ ಬರುತ್ತಿದ್ದವು. ಬೆಳಗಿನ ಸುತ್ತಾಟ ಬೇಡ ಅನಿಸಿದ ದಿನ ಅಮ್ಮ ಅಲ್ಲೇ ಕುರ್ಚಿ ಹಾಕಿಕೊಂಡು ಕೂತರು. ನಾವು ವಾಪಸ್ ಬರುವಷ್ಟರಲ್ಲಿ ಅವರು ನಮಗಿಂತ ಜಾಸ್ತಿ ಆನೆ, ಕಾಡೆಮ್ಮೆ, ಜೀಬ್ರಾ ನೋಡಿದ್ದರು. ಊಟಕ್ಕೂ ತೊಂದರೆ ಆಗಲಿಲ್ಲ. ಚಪಾತಿ, ಬೇಳೆ, ಪಲ್ಯ ಕೀನ್ಯಾದಲ್ಲಿ ಎಲ್ಲ ಕಡೆ ಸಿಗುತ್ತದೆ. ಚಪಾತಿಗೆ ಅವರೂ ಚಪಾತಿ ಅಂತಲೇ ಅನ್ನುವುದು. ರೂಮು ಹಳೆಯದು, ಫ್ಯಾನು ಸದ್ದು ಮಾಡುತ್ತಿತ್ತು, ಬಿಸಿನೀರು ಕೆಲವು ಹೊತ್ತು ಮಾತ್ರ. ಆ ನೋಟಕ್ಕೆ ಇದೆಲ್ಲ ನಡೆಯುತ್ತದೆ. ಬಾಲ್ಕನಿ ಬಾಗಿಲು ಮಾತ್ರ ಹಾಕಿಟ್ಟಿರಿ, ಬಬೂನ್‌ಗಳು ಒಳಗೇ ಬರುತ್ತವೆ.

ತ್ಸಾವೊ ವೆಸ್ಟ್‌ನ ಮ್ಜಿಮಾ ಬುಗ್ಗೆ ನೋಡುವ ಆಸೆ ಇತ್ತು. ಮೊಂಬಾಸಾ ಊರಿಗೆ ಅಲ್ಲಿಂದಲೂ ಕುಡಿಯುವ ನೀರು ಹೋಗುತ್ತದೆ. ನೀರಿನ ಒಳಗೆ ಇಳಿದು ಮೀನು, ಹಿಪ್ಪೊ ನೋಡಲು ಗಾಜಿನ ಕೋಣೆ ಇದೆ. ಆದರೆ ವೊಯಿಯಿಂದ ಇಡೀ ದಿನದ ಓಡಾಟ, ಅದಕ್ಕೇ ಬಿಟ್ಟೆವು. ಮಕ್ಕಳು ದೊಡ್ಡವರಿದ್ದರೆ ಯೋಚಿಸಿ.

ಡಯಾನಿ ಕಡೆ ಹೊರಟಾಗ ಎಲ್ಲರ ಬಟ್ಟೆ, ಚಪ್ಪಲಿ, ಕಿವಿ ಎಲ್ಲ ಕೆಂಪು. ಹೆದ್ದಾರಿಯಲ್ಲಿ ಲಾರಿಗಳು ಜಾಸ್ತಿ, ಅದು ಈ ಪ್ರವಾಸದ ಅತಿ ಬೇಜಾರಿನ ಭಾಗ. ಮೊದಲು ಮೊಂಬಾಸಾದ ಲಿಕೋನಿ ಫೆರಿಗೆ ಕಾಯಬೇಕಿತ್ತು. ಈಗ ದೊಂಗೊ ಕುಂಡು ಬೈಪಾಸ್ ಇದೆ, ಊರೊಳಗೆ ಹೋಗದೆ ದಕ್ಷಿಣದ ಕರಾವಳಿಗೆ ಇಳಿಯಬಹುದು. ಡ್ರೈವರ್‌ಗೆ ಮುಂಚೆಯೇ ಹೇಳಿ.

ಮೊದಲು ಕಾಡು ಅಂತ ನಾನು ಹಟ ಹಿಡಿದು ಹೇಳುವುದು ಇಲ್ಲಿಗೆ ಬಂದ ಮೇಲಿನ ಅನುಭವದಿಂದ. ಕಾಡಿನಲ್ಲಿ ಮಕ್ಕಳಿಗೆ ಎಲ್ಲದಕ್ಕೂ ಬೇಡ. ಕೂಗಬೇಡ, ಇಳಿಯಬೇಡ, ಕೈ ಹೊರಗೆ ಹಾಕಬೇಡ. ಅದು ಬೇಕಾದ ಕಟ್ಟುಪಾಡೇ. ಆದರೆ ಅದಾದ ಮೇಲೆ ಅವರಿಗೆ ಓಡಲು ಜಾಗ ಬೇಕು. ಡಯಾನಿಯ ಬಿಳಿ ಮರಳು ಕಂಡ ಕೂಡಲೇ ಇಬ್ಬರೂ ವ್ಯಾನಿನಿಂದ ಇಳಿದು ಓಡಿದರು, ಸಂಜೆವರೆಗೆ ಒಳಗೆ ಬರಲಿಲ್ಲ. ಬೀಚ್ ಮೊದಲು ಇಟ್ಟಿದ್ದರೆ ಅವರನ್ನು ಅಲ್ಲಿಂದ ಎಬ್ಬಿಸಿ ಬೆಳಗ್ಗೆ ಆರಕ್ಕೆ ವ್ಯಾನು ಹತ್ತಿಸಲು ನನ್ನಿಂದ ಆಗುತ್ತಿರಲಿಲ್ಲ.

ಡಯಾನಿಯಲ್ಲಿ ದೊಡ್ಡ ರೆಸಾರ್ಟ್ ಬಿಟ್ಟು ಅಡುಗೆಯವರಿರುವ ಕಾಟೇಜ್ ತಗೊಳ್ಳಿ. ಮನೆಮಂದಿಗೆ ಅದೇ ಸರಿ. ಮಕ್ಕಳು ಹಸಿದಾಗ ಊಟ, ಅಮ್ಮನಿಗೆ ಬೇಕಾದ ಅಡುಗೆ. ತರಕಾರಿ, ಹಣ್ಣು, ಎಳನೀರು ಸೈಕಲ್ಲಿನಲ್ಲಿ ಬಾಗಿಲಿಗೇ ಬರುತ್ತದೆ. ನಮ್ಮ ಅಡುಗೆಯವರು ಒಂದು ಬೆಳಗ್ಗೆ ಮಹಂರಿ ಮತ್ತು ಎಂಬಾಜಿ ಮಾಡಿದರು. ಮಹಂರಿ ಅಂದರೆ ಏಲಕ್ಕಿ, ತೆಂಗಿನ ಹಾಲು ಹಾಕಿ ಕಲಸಿ ಎಣ್ಣೆಯಲ್ಲಿ ಉಬ್ಬಿಸಿದ ಮೂರು ಮೂಲೆಯ ತಿಂಡಿ. ಎಂಬಾಜಿ ಅಂದರೆ ತೆಂಗಿನ ಹಾಲಿನಲ್ಲಿ ಬೇಯಿಸಿದ ತೊಗರಿಕಾಳು. ಒಂದು ಚಮಚ ಬಾಯಿಗಿಟ್ಟ ಅಮ್ಮ ನೇರ ಅಡುಗೆಮನೆಗೆ ಹೋದರು. ಭಾಷೆ ಬಾರದ ಇಬ್ಬರೂ ಒಲೆ ಮುಂದೆ ನಿಂತು ಕೈಸನ್ನೆಯಲ್ಲೇ ಎಲ್ಲ ಮಾತಾಡಿಕೊಂಡರು.

ಸಮುದ್ರದ ಬಗ್ಗೆ ತಿಳಿದಿರಬೇಕಾದ್ದು ಉಬ್ಬರ ಇಳಿತ. ದೂರದಲ್ಲಿ ಹವಳದ ದಿಬ್ಬ ಇದೆ, ದೊಡ್ಡ ಅಲೆ ಅಲ್ಲೇ ಒಡೆಯುತ್ತದೆ. ಅದಕ್ಕೇ ಒಳಗಿನ ನೀರು ಮಕ್ಕಳಿಗೆ ಹಿತ. ಆದರೆ ಇಳಿತದಲ್ಲಿ ನೀರು ತುಂಬ ದೂರ ಹಿಂದೆ ಸರಿಯುತ್ತದೆ, ಈಜಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಆಗಲೇ ಬಂಡೆಗಳ ನಡುವಿನ ಹೊಂಡಗಳಲ್ಲಿ ಏಡಿ, ನಕ್ಷತ್ರ ಮೀನು, ಕಪ್ಪು ಮುಳ್ಳಿನ ಸಮುದ್ರ ಮುಳ್ಳುಂಡೆ ಕಾಣುವುದು. ರಬ್ಬರ್ ಶೂ ಇಲ್ಲದೆ ಕಾಲಿಡಬೇಡಿ, ಆ ಮುಳ್ಳು ಹೊಕ್ಕರೆ ತೆಗೆಯುವುದು ಕಷ್ಟ. ತೋರಿಸಲು ಬರುವ ಹುಡುಗರು ನಕ್ಷತ್ರ ಮೀನನ್ನು ಎತ್ತಿ ಮಕ್ಕಳ ಕೈಗೆ ಕೊಡುತ್ತಾರೆ. ಬೇಡ ಅನ್ನಿ. ನೀರಿನಲ್ಲಿದ್ದಾಗಲೇ ನೋಡುವುದು ಚೆಂದ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಉಬ್ಬರ ಇಳಿತದ ವೇಳೆಯ ಪಟ್ಟಿ ಕೇಳಿ ತಗೊಂಡು ದಿನದ ಲೆಕ್ಕ ಹಾಕಿ.

ಬೀಚಿನಲ್ಲಿ ಮಾರಾಟಗಾರರ ಕಾಟ ಇದೆ. ಕೀಚೈನು, ದೋಣಿ, ಒಂಟೆ ಸವಾರಿ. ನಗುನಗುತ್ತಾ ಒಮ್ಮೆ ಗಟ್ಟಿಯಾಗಿ ಬೇಡ ಅಂದರೆ ಮಾರನೇ ದಿನದಿಂದ ಬರೀ ನಮಸ್ಕಾರ.

ಮಗಳಿಗೆ ಸಮುದ್ರಕ್ಕಿಂತ ಇಷ್ಟವಾಗಿದ್ದು ಕೊಲೊಬಸ್ ಮಂಗಗಳು. ಕಪ್ಪು ಮೈ, ಭುಜದ ಮೇಲೆ ಉದ್ದ ಬಿಳಿ ಕೂದಲು. ರಸ್ತೆ ದಾಟುವಾಗ ಗಾಡಿಗೆ ಸಿಕ್ಕಿ ಸಾಯುತ್ತಿದ್ದವು. ಅದಕ್ಕೆ ಕೊಲೊಬಸ್ ಕನ್ಸರ್ವೇಷನ್ ಎಂಬ ಸಂಸ್ಥೆ ಡಯಾನಿ ರಸ್ತೆಯ ಮೇಲೆ ಮರದಿಂದ ಮರಕ್ಕೆ ಹಗ್ಗದ ಏಣಿಗಳನ್ನು ಕಟ್ಟಿದೆ. ತಾಯಿಯೊಂದು ಬೆಳ್ಳನೆ ಮರಿಯನ್ನು ಹೊಟ್ಟೆಗೆ ಅಂಟಿಸಿಕೊಂಡು ಲಾರಿಯ ಮೇಲಿಂದ ದಾಟಿತು. ಇವು ಎಲೆ ತಿನ್ನುವ ಮಂಗಗಳು, ನಮ್ಮ ಊಟಕ್ಕೆ ಬರುವುದಿಲ್ಲ. ಬೇರೆ ಮಂಗಗಳು ಬರುತ್ತವೆ, ತಟ್ಟೆಯ ಮೇಲೆ ಕಣ್ಣಿರಲಿ.

ಒಂದು ದಿನ ಡಯಾನಿಯ ದಕ್ಷಿಣಕ್ಕಿರುವ ಶಿಮೋನಿಯಿಂದ ದೋಣಿಯಲ್ಲಿ ಕಿಸಿತೆ-ಎಂಪುಂಗುಟಿ ಮರೀನ್ ಪಾರ್ಕಿಗೆ ಹೋದೆವು. ಡಾಲ್ಫಿನ್ ಕಂಡಾಗ ನಮ್ಮ ದೋಣಿಯವರು ಎಂಜಿನ್ ನಿಲ್ಲಿಸಿ ಕಾದರು, ಕೆಲವರು ಬೆನ್ನಟ್ಟುತ್ತಿದ್ದರು. ಬುಕ್ ಮಾಡುವಾಗಲೇ ಇದನ್ನು ಕೇಳಿ. ಅಮ್ಮ ಬರಲಿಲ್ಲ, ಮಗನಿಗೆ ವಾಂತಿಯಾಯಿತು. ಜೂನ್‌ನಿಂದ ಆಗಸ್ಟ್‌ವರೆಗೆ ತೆಂಕಣ ಗಾಳಿ ಜೋರು, ಆಗ ಚಿಕ್ಕ ಮಕ್ಕಳಿಗೆ ಈ ದೋಣಿ ಬೇಡವೇ ಬೇಡ. ಏಪ್ರಿಲ್, ಮೇ ದೊಡ್ಡ ಮಳೆಯ ಕಾಲ, ಕೆಲವು ಹೋಟೆಲುಗಳು ಬಾಗಿಲೇ ಹಾಕಿರುತ್ತವೆ. ಜನವರಿ, ಫೆಬ್ರವರಿ ಅಥವಾ ಅಕ್ಟೋಬರ್ ಒಳ್ಳೆಯದು.

ಹೊರಡುವ ಮುಂಚಿನ ಕೆಲಸಗಳು. ಕೀನ್ಯಾಗೆ 2024ರಿಂದ ವೀಸಾ ಬದಲು ಇಟಿಎ, ಅಂದರೆ ಆನ್‌ಲೈನ್‌ನಲ್ಲಿ ಮುಂಚೆಯೇ ಪಡೆಯುವ ಪ್ರಯಾಣದ ಅನುಮತಿ, ಮಕ್ಕಳಿಗೂ ಬೇಕು. ಯೆಲ್ಲೊ ಫೀವರ್ ಚುಚ್ಚುಮದ್ದು ಹಾಕಿಸಿಕೊಂಡ 10 ದಿನಗಳ ನಂತರವೇ ಅದರ ಕಾರ್ಡು ಲೆಕ್ಕಕ್ಕೆ ಬರುವುದು. ವಾಪಸ್ ಭಾರತಕ್ಕೆ ಇಳಿಯುವಾಗ ಅದನ್ನು ಕೇಳುತ್ತಾರೆ. ತ್ಸಾವೊ, ಡಯಾನಿ ಎರಡೂ ಮಲೇರಿಯಾ ಇರುವ ಜಾಗ. ಮಕ್ಕಳಿಗೆ ಯಾವ ಮಾತ್ರೆ, ಎಷ್ಟು ಅನ್ನುವುದನ್ನು ಡಾಕ್ಟರ ಹತ್ತಿರವೇ ಕೇಳಿ. ಪ್ಲಾಸ್ಟಿಕ್ ಕೈಚೀಲಗಳಿಗೆ 2017ರಿಂದ ನಿಷೇಧ, ಪಾರ್ಕು ಮತ್ತು ಬೀಚುಗಳಲ್ಲಿ ನೀರಿನ ಬಾಟಲಿಯೂ ಸೇರಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ 2020ರಿಂದ ನಿಷೇಧ. ಸ್ಟೀಲ್ ಬಾಟಲಿ ಒಯ್ಯಿರಿ. ಕಡು ನೀಲಿ, ಕಪ್ಪು ಬಟ್ಟೆಗೆ ತ್ಸೆತ್ಸೆ ನೊಣ ಬರುತ್ತದೆ. ಬಿಳಿ ಬಟ್ಟೆ ಮತ್ತೆ ಬಿಳಿ ಆಗುವುದಿಲ್ಲ. ಕಂದು ಬಣ್ಣದ ಹತ್ತಿ ಬಟ್ಟೆ ಸಾಕು.

ವಾಪಸ್ ಹೋಗಲು ಡಯಾನಿ ಪಕ್ಕದ ಉಕುಂಡಾದಿಂದ ನೈರೋಬಿಗೆ ವಿಮಾನ ಇದೆ. ಚಿಕ್ಕ ವಿಮಾನಗಳಲ್ಲಿ ಲಗೇಜ್ ಮಿತಿ ಕಮ್ಮಿ. ನಾವು ಮತ್ತೆ ರೈಲೇ ಹತ್ತಿದೆವು, ಮಧ್ಯಾಹ್ನ 3ರ ಎಕ್ಸ್‌ಪ್ರೆಸ್, ಈ ಸಲ ಫಸ್ಟ್ ಕ್ಲಾಸ್. ಮೊಂಬಾಸಾ ಸ್ಟೇಷನ್ ಇರುವುದು ಊರ ಹೊರಗೆ ಮಿರಿಟಿನಿಯಲ್ಲಿ, ಬೈಪಾಸ್ ಹೋಗಿ ಸೇರುವುದೂ ಅಲ್ಲಿಗೇ. ಡಯಾನಿಯಿಂದ ಬೆಳಗ್ಗೆ ಸಮುದ್ರದಲ್ಲಿ ಒಮ್ಮೆ ಮುಳುಗೆದ್ದು, ತಿಂಡಿ ತಿಂದು, ಹನ್ನೊಂದಕ್ಕೆ ಹೊರಟರೂ ಅವಸರವಿಲ್ಲದೆ ರೈಲು ಸಿಗುತ್ತದೆ.